ರೌಂಡಾನದಲ್ಲಿ ತೋರಿಸಿದ ಕೈ

ಪೆರಂಬೂರಿನ ರೈಲ್ವೆ ಕಾರ್ಖಾನೆಯ ಉದ್ದ ಗೋಡೆ ಮುಗಿಯುವಲ್ಲಿ ನಾಲ್ಕು ರಸ್ತೆ ಸೇರುವ ಒಂದು ವೃತ್ತವಿದೆ. ಇಲ್ಲಿಯವರು ಅದನ್ನು ರೌಂಡಾನ ಎನ್ನುತ್ತಾರೆ. ಅದರ ದಕ್ಷಿಣದ ಬಾಯಲ್ಲಿ, ಬಿಳಿ ಗೆರೆಗಿಂತ ಒಂದು ಮೊಳ ಹಿಂದೆ, ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಸ್ಟಿಯರಿಂಗ್ ಹಿಡಿದು ನಾನು ಕೂತಿದ್ದೆ. ಪೊಲೀಸರು ಮೊದಲ ಸಲ ಬರೆದುಕೊಂಡಾಗ 'ನಿಂತಿದ್ದರು' ಎಂದು ಬರೆದಿದ್ದರು. ನಾನು ಹೇಳಿ ತಿದ್ದಿಸಿದೆ. ಬೇಸಿಗೆಯ ಒಂದು ಮಂಗಳವಾರ, ಬೆಳಿಗ್ಗೆ ಏಳಕ್ಕೆ ಹತ್ತು ನಿಮಿಷ. ಕಾರಿನ ಗಡಿಯಾರ ಆರು ಐವತ್ತಾರು ತೋರಿಸುತ್ತಿತ್ತು, ಆದರೆ ಅದು ಆರು ನಿಮಿಷ ಮುಂದೆ ಓಡುತ್ತದೆಂದು ಮೊದಲ ದಿನವೇ ಹೇಳಿದ್ದರು. ಗಾಜುಗಳು ಮೇಲಿದ್ದವು, ಎಸಿ ಓಡುತ್ತಿತ್ತು. ಗೇರು ಒಂದರಲ್ಲಿ, ಎಡಗಾಲು ಕ್ಲಚ್ಚಿನ ಮೇಲೆ, ಬಲಗಾಲು ಬ್ರೇಕಿನ ಮೇಲೆ. ಬಲಗೈ ಸ್ಟಿಯರಿಂಗಿನಲ್ಲಿತ್ತು. ಎಡಗೈ ಎಲ್ಲಿತ್ತು ಎನ್ನುವುದನ್ನು ಹೇಳುವುದಕ್ಕಾಗಿಯೇ ಇದೆಲ್ಲ ಬರೆಯುತ್ತಿದ್ದೇನೆ.

ಆಗ ನನಗೆ ಐವತ್ತನಾಲ್ಕು. ಮೂವತ್ತೊಂದು ವರ್ಷದಿಂದ ಚೆನ್ನೈಯ ಒಂದೇ ಹೋಟೆಲಿನಲ್ಲಿದ್ದೇನೆ. ಉಡುಪಿ ಕಡೆಯಿಂದ ಅಕ್ಕನ ಗಂಡನ ಜೊತೆ ಬಂದವನು. ಹದಿನೆಂಟು ವರ್ಷ ಸಪ್ಲೈಯರ್ ಆಗಿದ್ದೆ, ಆಮೇಲೆ ಒಳಗಿನ ಮೇಲ್ವಿಚಾರಣೆ ನೋಡಿಕೊಂಡೆ. ಮದುವೆ ಮನೆಗಳಿಗೆ ಊಟ ಕಳಿಸುವ ಕೆಲಸ ಹೆಚ್ಚಾದಾಗ ಭಾವ ಒಂದು ವ್ಯಾನು ತಂದರು. ಡ್ರೈವರ್ ಎರಡು ಸಲ ಮುಹೂರ್ತದ ದಿನವೇ ಬರಲಿಲ್ಲ. "ನೀನೇ ಕಲ್ತುಬಿಡು ಮಾರಾಯ. ಇಪ್ಪತ್ತು ಜನರ ಮಧ್ಯೆ ಸಾಂಬಾರ್ ಬಕೆಟ್ ಹಿಡ್ಕೊಂಡು ಓಡಿದವ, ರಸ್ತೆ ಎಂತ ಮಹಾ?" ಎಂದರು ಭಾವ. ಹಾಗೆ ಹೋಗಿ ಸೇರಿಕೊಂಡೆ.

ಕಲಿಸುವವರಿಗೆ ನಲವತ್ತರ ಆಸುಪಾಸು, ತೆಳ್ಳಗಿನ ಮನುಷ್ಯ, ಇಲ್ಲಿಯವರೇ, ತಮಿಳರು. ನಾನು ಅವರನ್ನು ಮಾಸ್ಟರ್ ಎನ್ನುತ್ತಿದ್ದೆ. ಅವರು ನನ್ನನ್ನು ಸಾಮಿ ಎನ್ನುತ್ತಿದ್ದರು, ಹೋಟೆಲಿನವರನ್ನು ಇಲ್ಲಿ ಹಾಗೆಯೇ ಕರೆಯುವುದು. ನಮ್ಮ ಮಾತೆಲ್ಲ ತಮಿಳಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರ ಕಾಲ ಬುಡದಲ್ಲಿಯೂ ಒಂದು ಕ್ಲಚ್ಚು, ಒಂದು ಬ್ರೇಕು ಇದ್ದವು. ನಾನು ತಪ್ಪಿದಾಗ ಅವರು ಒತ್ತುತ್ತಿದ್ದರು, ಒತ್ತಿ ಬೈಯುತ್ತಿದ್ದರು.

"ಸಾಮಿ, ರೌಂಡಾನ ಅಂದರೆ ಏನು?"

"ಸುತ್ತಿ ಹೋಗುವುದು."

"ಸುತ್ತಿ ಹೋಗೋದು ಎಮ್ಮೆಗೂ ಗೊತ್ತು. ಕಾಯೋದು ಗೊತ್ತಾ? ಒಳಗೆ ಸುತ್ತುತ್ತಾ ಇರುವವನಿಗೆ ದಾರಿ. ಅವನು ನಿಮ್ಮ ಬಲಗಡೆಯಿಂದ ಬರ್ತಾನೆ. ಬಲಕ್ಕೆ ನೋಡಿ, ಇನ್ನೊಂದು ಸಲ ಬಲಕ್ಕೆ ನೋಡಿ, ಆಮೇಲೆ ಬಿಡಿ. ಬಸ್ಸು ಹೊರಗೆ ಹೋಯ್ತು ಅಂತ ಬಿಡಬೇಡಿ. ಬಸ್ಸಿನ ಹಿಂದೆ ಯಾವಾಗಲೂ ಒಂದು ಇರುತ್ತೆ. ಬಸ್ಸು ಹೋಗೋದನ್ನ ನೋಡಿದರೆ ಆಗಲಿಲ್ಲ, ಖಾಲಿ ರಸ್ತೆ ಕಣ್ಣಿಗೆ ಬೀಳಬೇಕು."

ನಾನಿದನ್ನು ಬೇಗ ಕಲಿತೆ. ಅವರಿಗೇ ಆಶ್ಚರ್ಯವಾಯಿತು. ವಯಸ್ಸಾದವರೆಲ್ಲ ರೌಂಡಾನದ ಬಾಯಲ್ಲಿ ಬೆವರುತ್ತಾರಂತೆ. ನನಗೆ ಅದು ಹೊಸದಾಗಿರಲಿಲ್ಲ. ನಮ್ಮ ಹೋಟೆಲಿನಲ್ಲಿ ಅಡುಗೆಮನೆಗೂ ಗಿರಾಕಿಗಳು ಕೂರುವ ಹಾಲಿಗೂ ನಡುವೆ ಒಂದು ದಪ್ಪ ಕಂಬವಿದೆ. ದೋಸೆ ಕಾವಲಿಯ ಕಡೆಯಿಂದ ಬರುವವರು, ಕಾಫಿಯವರು, ಎಂಜಲು ತಟ್ಟೆ ಹಿಡಿದು ಒಳಗೆ ಹೋಗುವವರು, ಎಲ್ಲರೂ ಆ ಕಂಬವನ್ನು ಬಲಕ್ಕೆ ಬಿಟ್ಟು ಒಂದೇ ದಿಕ್ಕಿನಲ್ಲಿ ಸುತ್ತಬೇಕು. ಕೈ ತುಂಬಿದವನಿಗೆ ದಾರಿ, ಕೈ ಖಾಲಿ ಇದ್ದವನು ನಿಲ್ಲಬೇಕು. ಆದರೆ ಎಡತೋಳಿನ ಉದ್ದಕ್ಕೂ ಏಳು ತಟ್ಟೆ ಜೋಡಿಸಿಕೊಂಡವನಿಗೆ ಆ ಬದಿಯಲ್ಲಿ ಏನೂ ಕಾಣುವುದಿಲ್ಲ. ಆದ್ದರಿಂದ ನಿಂತವನು ಅವನ ಪರವಾಗಿ ನೋಡುತ್ತಾನೆ. ನೋಡಿ, ಎಡಗೈಯನ್ನು ಮಣಿಕಟ್ಟಿನಿಂದ ಮುಂದಕ್ಕೆ ಎರಡು ಸಲ ಬೀಸುತ್ತಾನೆ. ಅದನ್ನು ಕಂಡವನು ಮತ್ತೆ ನೋಡುವುದಿಲ್ಲ, ಹೋಗುತ್ತಾನೆ. ಮೂವತ್ತೊಂದು ವರ್ಷದಲ್ಲಿ ನನ್ನ ಕೈ ನೋಡಿ ಹೊರಟ ಯಾರ ಮೈಮೇಲೂ ಒಂದು ಲೋಟ ಬಿಸಿನೀರು ಚೆಲ್ಲಿಲ್ಲ.

ನಾಲ್ಕನೇ ದಿನ ಆಟೋ ಒಂದಕ್ಕೆ ನಾನು ಹೀಗೆ ಕೈ ಬೀಸಿದೆ. ಮಾಸ್ಟರ್ ನನ್ನ ಕೈಗೆ ಹೊಡೆದರು. ತಮಾಷೆಗೆ ಹೊಡೆದದ್ದಲ್ಲ.

"ಇದೇನು ಸಾಮಿ, ಊಟದ ಪಂತಿಗೆ ಜನ ಕರೀತಾ ಇದ್ದೀರಾ? ಕೈ ಒಳಗೆ. ನಿಮ್ಮ ಇಂಡಿಕೇಟರ್ ಮಾತ್ರ ಮಾತಾಡಬೇಕು. ಯಾರಿಗೂ ಹೋಗು ಅನ್ನಬೇಡಿ. ಅವನು ಸತ್ತರೆ ನೀವು ಕರೆದ ಹಾಗಾಗುತ್ತೆ."

ಏಳನೇ ದಿನ ಇನ್ನೊಮ್ಮೆ ಬೀಸಿದೆ. ಅಂದು ಅವರು ಬೈಯಲಿಲ್ಲ, ನಕ್ಕು ತಲೆಯಾಡಿಸಿದರು. "ಈ ಕೈ ಕಟ್ಟಿಹಾಕಬೇಕು ಸಾಮಿ" ಎಂದರು. ಆ ಮಂಗಳವಾರ ಹನ್ನೊಂದನೇ ದಿನ.

ಈಗ ಕ್ರಮವಾಗಿ ಹೇಳುತ್ತೇನೆ.

ನಾನು ಗೆರೆಯ ಹಿಂದೆ ಕಾರು ನಿಲ್ಲಿಸಿ ಬಲಕ್ಕೆ ನೋಡಿದೆ. ಒಂದು ಬಸ್ಸು ವೃತ್ತದೊಳಗಿತ್ತು. ಎಡದ ಇಂಡಿಕೇಟರ್ ಹಾಕಿ, ನಮಗಿಂತ ಮುಂಚಿನ ರಸ್ತೆಗೆ ಹೊರಳಿಕೊಳ್ಳುತ್ತಿತ್ತು. ಅಂದರೆ ನಮ್ಮ ಎದುರಿಗೆ ಅದು ಬರುವುದಿಲ್ಲ. ಅದು ಹೊರಳಿದ್ದನ್ನು ನೋಡಿದೆ. ಖಾಲಿ ರಸ್ತೆಯನ್ನು ನೋಡಲಿಲ್ಲ. ಅಷ್ಟರಲ್ಲಿ ನನ್ನ ಎಡಗಡೆ, ಕಾರಿಗೆ ಒಂದು ಮಾರು ಅಂತರದಲ್ಲಿ, ಒಂದು ಸ್ಕೂಟರ್ ಬಂದು ನಿಂತಿತು. ಓಡಿಸುತ್ತಿದ್ದವಳು ಮೂವತ್ತೈದು ನಲವತ್ತರ ಹೆಂಗಸು. ಕಾಲಿನ ಹತ್ತಿರ ಸ್ಟೀಲಿನ ದೊಡ್ಡ ಪಾತ್ರೆ, ಬಾಯಿಗೆ ಬಟ್ಟೆ ಕಟ್ಟಿತ್ತು. ಹಿಂದಿನ ಸೀಟಿನಲ್ಲಿ ಹಗ್ಗ ಬಿಗಿದ ಇನ್ನೊಂದು ಪಾತ್ರೆ. ಬಟ್ಟೆಯ ಅಂಚಿನಲ್ಲಿ ಉಕ್ಕಿ ಒಣಗಿದ ಬಿಳಿಯನ್ನು ಕಂಡು ನನಗೆ ತಿಳಿಯಿತು, ಇಡ್ಲಿ ಹಿಟ್ಟು. ಆ ಹೊತ್ತಿಗೆ ಅದು ಮನೆಗಳಿಗೆ ಮುಟ್ಟಬೇಕು. ಅವಳು ಬಲಕ್ಕೆ ನೋಡಲು ಕತ್ತು ಚಾಚಿದಳು. ನನ್ನ ಕಾರು ಅಡ್ಡವಿತ್ತು. ಕಾರನ್ನು ದಾಟಿ ಅವಳಿಗೆ ಏನೂ ಕಾಣುತ್ತಿರಲಿಲ್ಲ. ಅವಳು ನನ್ನ ಮುಖ ನೋಡಿದಳು.

ಅವಳ ಕೈ ತುಂಬಿತ್ತು, ನನ್ನದು ಖಾಲಿ. ನಾನು ಹೀಗೆಲ್ಲ ಯೋಚಿಸಿದೆ ಎಂದರೆ ಸುಳ್ಳಾಗುತ್ತದೆ. ಏನೂ ಯೋಚಿಸಲಿಲ್ಲ. ಎಡಗೈ ಗೇರಿನಿಂದ ಮೇಲೆ ಬಂತು, ಮುಂದಿನ ಗಾಜಿನ ಎದುರು ಎರಡು ಸಲ ಬೀಸಿತು.

ಅವಳು ತಲೆಯಾಡಿಸಿ ಹೊರಟಳು. ಮಾಸ್ಟರ್ ನನ್ನ ಕೈ ಹಿಡಿಯಲು ಬಂದರು. ಅವರ ಬೆರಳು ನನ್ನ ಮಣಿಕಟ್ಟಿಗೆ ತಾಗಿದಾಗ ಬಸ್ಸಿನ ಹಿಂದಿದ್ದ ತಣ್ಣಿ ಲಾರಿ, ಅಂದರೆ ನೀರಿನ ಟ್ಯಾಂಕರ್, ನಮ್ಮ ಬಾನೆಟ್ಟಿನ ಮುಂದೆ ಹಾಯುತ್ತಿತ್ತು.

ಲಾರಿಯ ವೇಗ ಜಾಸ್ತಿ ಇರಲಿಲ್ಲ. ಅದರ ಡ್ರೈವರ್ ಇದ್ದದ್ದು ವೃತ್ತದ ಒಳಗೆ, ದಾರಿ ಅವನದು. ಬ್ರೇಕು ಹಾಕಿದ, ಟ್ಯಾಂಕಿನ ನೀರು ಮುಂದಕ್ಕೆ ನುಗ್ಗಿ ಲಾರಿಯನ್ನು ಇನ್ನೂ ಸ್ವಲ್ಪ ತಳ್ಳಿತು. ಎಡಬದಿಯ ಮುಂದಿನ ಚಕ್ರ ಅವಳ ಬಲಗಾಲಿನ ಮೇಲೆ ಹತ್ತಿ ನಿಂತಿತು. ಸ್ಕೂಟರ್ ಅಷ್ಟು ದೂರ ಜಾರಿ ಹೋಯಿತು. ಪಾತ್ರೆಗಳೆರಡೂ ಬಿದ್ದು ಹಿಟ್ಟು ರಸ್ತೆಯ ಮೇಲೆ ನಿಧಾನವಾಗಿ ಹರಡಿತು. ಬಿಳಿಯಲ್ಲಿ ರಕ್ತ ಸೇರಿದಾಗ ಅದು ತಕ್ಷಣ ಬೆರೆಯುವುದಿಲ್ಲ, ಗೆರೆಗೆರೆಯಾಗಿ ನಿಲ್ಲುತ್ತದೆ. ಇದನ್ನು ನಾನು ನೋಡಬಾರದಿತ್ತು. ನೋಡಿದೆ.

ಡ್ರೈವರ್ ಲಾರಿಯನ್ನು ಒಂದಡಿ ಹಿಂದಕ್ಕೆ ಸರಿಸಿ ಚಕ್ರ ಇಳಿಸಿದ. ಬಾಗಿಲು ತೆಗೆದು ಕೆಳಗೆ ಹಾರಿದ. ಓಡಲಿಲ್ಲ, ಇದನ್ನು ಗಮನಿಸಬೇಕು. ಅವಳ ಕಡೆಗೇ ಬಂದ. ಮೂವತ್ತು ವರ್ಷವಿರಬಹುದು, ಖಾಕಿ ಅಂಗಿ, ಮಡಿಚಿ ಕಟ್ಟಿದ ಲುಂಗಿ, ಕಾಲಲ್ಲಿ ಚಪ್ಪಲಿಯಿಲ್ಲ. ಅವಳ ತಲೆಯ ಹತ್ತಿರ ಮಂಡಿಯೂರಿ "ಅಕ್ಕಾ, ಅಕ್ಕಾ" ಎಂದ. ವೃತ್ತದ ಕಟ್ಟೆಯ ಮೇಲೆ ಕೂತು ಹೂ ಕಟ್ಟುತ್ತಿದ್ದ ಒಬ್ಬ ಮುದುಕಿಯೂ ಎದ್ದು ಬರುತ್ತಿದ್ದಳು.

ಮೊದಲ ಏಟು ಹಿಂದಿನಿಂದ ಬಿತ್ತು. ನೀಲಿ ಚೌಕಳಿ ಅಂಗಿಯವನೊಬ್ಬ ಅಂಗೈಯಿಂದ ಕತ್ತಿಗೆ ಹೊಡೆದ. ಡ್ರೈವರ್ ಎದ್ದು ತಿರುಗಿದ. ಎರಡನೆಯದು ಹೆಲ್ಮೆಟ್ಟಿನಿಂದ. ಬೈಕಿನಿಂದ ಇಳಿದು ಬಂದವನು, ಅಗಲ ಭುಜ, ಬಿಳಿ ಪ್ಯಾಂಟು. ಕಪ್ಪು ಹೆಲ್ಮೆಟ್ಟಿಗೆ ಹಳದಿ ಪಟ್ಟಿ ಇತ್ತು. ಅದರ ಗದ್ದಕ್ಕೆ ಕಟ್ಟುವ ಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದು ಬೀಸಿದ. ಅದು ದವಡೆಗೆ ತಾಗಿತು. ಗಾಜು ಹಾಕಿದ್ದರೂ ಶಬ್ದ ನನಗೆ ಕೇಳಿಸಿತು, ರುಬ್ಬುಗುಂಡನ್ನು ನೆಲಕ್ಕೆ ಇಟ್ಟ ಹಾಗೆ, ಗಟ್ಟಿಯಾಗಿ ಒಮ್ಮೆ.

ಆಮೇಲೆ ಎಷ್ಟು ಜನ ಎಂದು ನನಗೆ ಹೇಳಲಾಗುವುದಿಲ್ಲ. ಹದಿನೈದಿರಬಹುದು. ಹೊಡೆದವರು ಐದಾರು ಮಂದಿ, ಉಳಿದವರು ಜಾಗ ಕೊಡದೆ ನಿಂತವರು. ಮೊಬೈಲು ಎತ್ತಿ ಹಿಡಿದವರು ಇಬ್ಬರು. "ಕುಡಿದಿದ್ದಾನೆ" ಎಂದು ಒಬ್ಬ ಕೂಗಿದ, ಅವನು ಯಾರ ಬಾಯಿಯನ್ನೂ ಮೂಸಿರಲಿಲ್ಲ. "ಓಡಿಹೋಗಲು ನೋಡ್ತಾನೆ" ಎಂದು ಇನ್ನೊಬ್ಬ. ಡ್ರೈವರ್ ಓಡುತ್ತಿರಲಿಲ್ಲ, ಬೀಳದಂತೆ ಲಾರಿಯ ಬಾಗಿಲು ಹಿಡಿದುಕೊಂಡಿದ್ದ. ಯಾರೋ ಅವನ ಬೆರಳುಗಳ ಮೇಲೆ ಬಾಗಿಲನ್ನು ಮುಚ್ಚಿದರು.

ಆಗ ಅವನು ನಮ್ಮ ಕಡೆ ತಿರುಗಿ, ಇನ್ನೊಂದು ಕೈಯಿಂದ ನಮ್ಮ ಕಾರನ್ನು ತೋರಿಸಿದ. ದವಡೆ ಸರಿದಿದ್ದರಿಂದ ಮಾತು ನೆಟ್ಟಗಿರಲಿಲ್ಲ. ಆದರೂ ಕೇಳಿಸಿತು.

"ಅವರು ಕೈ ಕಾಟ್ನಾರುಂಗ."

ಅವರು ಕೈ ತೋರಿಸಿದರು ಎಂದು. ಎತ್ತರದ ಸೀಟಿನಿಂದ ಅವನು ನನ್ನ ಕೈಯನ್ನು ಕಂಡಿದ್ದ.

ನಾನು ಸೀಟಿನ ಬೆಲ್ಟಿಗೆ ಕೈ ಹಾಕಿದೆ. ಮಾಸ್ಟರ್ ನನ್ನ ಕೈಯ ಮೇಲೆ ತಮ್ಮ ಕೈ ಒತ್ತಿ ಹಿಡಿದರು.

"ಇಳೀಬೇಡಿ ಸಾಮಿ. ಇಳಿದರೆ ನಿಮ್ಮನ್ನೂ ಹೊಡೀತಾರೆ, ನನ್ನನ್ನೂ ಹೊಡೀತಾರೆ, ಗಾಡೀನೂ ಒಡೀತಾರೆ."

"ಅವನು ಹೇಳುವುದು ನಿಜ."

"ನಿಜ ಆಮೇಲೆ ಹೇಳೋಣ. ಜನ ಕಡಿಮೆ ಆಗಲಿ."

ಹೆಲ್ಮೆಟ್ಟಿನವನು ನಮ್ಮ ಕಾರಿನ ಕಡೆ ಒಮ್ಮೆ ನೋಡಿದ. ಎಲ್ ಅಕ್ಷರದ ಕೆಂಪು ಬೋರ್ಡು, ಒಳಗೆ ಹಣೆಯಲ್ಲಿ ಗಂಧ ಹಚ್ಚಿದ ಒಬ್ಬ ವಯಸ್ಸಾದವ. "ಪೆರಿಯವರ ಮೇಲೆ ತಪ್ಪು ಹಾಕ್ತೀಯಾ?" ಎಂದು ಕೂಗಿ ಮತ್ತೆ ಬೀಸಿದ. ಪೆರಿಯವರು ಎಂದರೆ ಹಿರಿಯರು. ಆ ಏಟು ಡ್ರೈವರಿನ ಕಣ್ಣಿಗೆ ತಾಗಿತು. ಡ್ರೈವರ್ ಎರಡನೇ ಸಲ ಕೈ ಎತ್ತಿ ನಮ್ಮನ್ನು ತೋರಿಸಿದ, ಅದೇ ಮಾತು ಹೇಳಿದ. ನೀಲಿ ಚೌಕಳಿಯವನು ಲಾರಿಯ ಚಕ್ರಕ್ಕೆ ಅಡ್ಡ ಇಡುವ ಮರದ ತುಂಡನ್ನು ತೆಗೆದುಕೊಂಡು ಬಂದ. ಅದರಿಂದ ಬೆನ್ನಿಗೆ ಎರಡು ಏಟು, ತಲೆಗೆ ಒಂದು. ಮೂರನೇ ಸಲ ತೋರಿಸುವಾಗ ಡ್ರೈವರ್ ಕೆಳಗೆ ಬಿದ್ದಿದ್ದ. ಕೈ ಅರ್ಧ ಎದ್ದಿತು, ಬೆರಳು ನಮ್ಮ ಕಾರಿನ ಚಕ್ರದ ಕಡೆಗಿತ್ತು. ಮಾತು ಬರಲಿಲ್ಲ.

ಮೂರು ಸಲ. ಆ ಹೊತ್ತೆಲ್ಲ ನಾನು ಕೂತಿದ್ದೆ. ಮಾಸ್ಟರ್ ಬಲವಂತರೇನಲ್ಲ, ತೆಳ್ಳಗಿನವರು ಎಂದು ಮೊದಲೇ ಬರೆದಿದ್ದೇನೆ. ಅವರ ಕೈಯನ್ನು ನಾನು ತೆಗೆದುಹಾಕಬಹುದಿತ್ತು.

ಕೊನೆಗೆ ಇಳಿದೆ. ಕ್ಲಚ್ಚು ಬಿಟ್ಟದ್ದರಿಂದ ಕಾರು ಒಮ್ಮೆ ಹಾರಿ ಬಂದ್ ಆಯಿತು. ಹಿಟ್ಟಿನ ಮೇಲೆ ಕಾಲು ಜಾರಿತು. ಜನರ ನಡುವೆ ಹೋಗಿ ತಮಿಳಿನಲ್ಲಿ, ಗಟ್ಟಿಯಾಗಿ ಹೇಳಿದೆ: "ಕೈ ತೋರಿಸಿದ್ದು ನಾನು. ಆಯಮ್ಮ ಹೊರಟದ್ದು ನನ್ನ ಕೈ ನೋಡಿ. ಇವನದು ತಪ್ಪಿಲ್ಲ. ಹೊಡೆಯುವುದಾದರೆ ನನಗೆ ಹೊಡೆಯಿರಿ."

ಹೆಲ್ಮೆಟ್ಟಿನವನು ನನ್ನ ಮುಖ ನೋಡಿದ. ಅವನ ಉಸಿರು ಏರಿಳಿಯುತ್ತಿತ್ತು, ಆದರೆ ದನಿ ಮೆತ್ತಗಾಯಿತು. ನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿದ.

"ಪೆರಿಯವರೇ, ನಿಮಗೆ ಒಳ್ಳೆ ಮನಸ್ಸು. ಇಂಥವನಿಗೆ ಪಾಪ ಅನ್ನಬೇಡಿ. ಹೋಗಿ ಕೂತ್ಕೊಳ್ಳಿ."

ಹೀಗೆ ಹೇಳಿ ತಿರುಗಿ, ಕೆಳಗೆ ಬಿದ್ದಿದ್ದವನ ತಲೆಗೆ ಕಾಲಿನಿಂದ ಒದ್ದ. ಅದು ಕೊನೆಯ ಏಟು. ನಾನು ನಿಜ ಹೇಳಿದ ಮೇಲೆ ಬಿದ್ದದ್ದು ಅದೊಂದೇ. ಯಾವ ಏಟಿನಿಂದ ಏನಾಯಿತೆಂದು ಡಾಕ್ಟರಿಗೆ ಬೇರೆಬೇರೆ ಮಾಡಿ ಹೇಳಲಾಗಲಿಲ್ಲ.

ಅಷ್ಟು ಹೊತ್ತು ಆ ಹೆಂಗಸಿನ ಹತ್ತಿರ ಇದ್ದವಳು ಹೂವಿನ ಮುದುಕಿ ಒಬ್ಬಳೇ. ಹೂ ಕಟ್ಟಲು ನೆನೆಸಿಟ್ಟಿದ್ದ ಬಾಳೆನಾರಿನ ಕಂತೆಯನ್ನೇ ಹೊಸೆದು ಅವಳ ತೊಡೆಗೆ ಬಿಗಿಯಾಗಿ ಸುತ್ತಿದ್ದಳು. ಆಂಬುಲೆನ್ಸಿನವರು ಅದನ್ನು ನೋಡಿ ಬಿಚ್ಚದೆ ಹಾಗೆಯೇ ಎತ್ತಿಕೊಂಡರು. ಪೊಲೀಸರು ಬರುವಾಗ ಹೆಲ್ಮೆಟ್ಟಿನವನು ಇರಲಿಲ್ಲ. ಮುದುಕಿ ಅವನ ಬೈಕಿನ ನಂಬರಿನ ಕೊನೆಯ ನಾಲ್ಕು ಅಂಕಿ ನೆನಪಿಟ್ಟುಕೊಂಡಿದ್ದಳು.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ನನ್ನ ಪಂಚೆಗೆ ಮೆತ್ತಿದ್ದ ಹಿಟ್ಟನ್ನು ನೋಡುತ್ತ ಕೂತಿದ್ದಳು.

"ಹೊಡೆದದ್ದು ಕಂಡೆ ಅಂತ ಹೇಳಿ. ಅದು ಹೇಳ್ಲೇಬೇಕು. ಕೈಯದ್ದು ಎಂತಕ್ಕೆ ಹೇಳುದು ಮಾರಾಯ್ರೆ? ಅವ ಬದುಕಿದ್ರೆ ಅವನೇ ಹೇಳ್ತಾನಲ್ಲ."

"ಅವ ಹೇಳಿದ್ದಾನೆ. ಮೂರು ಸಲ."

ಮಗಳು ಆ ಹೊತ್ತಿಗಾಗಲೇ ವಿಡಿಯೊ ನೋಡಿ ಮುಗಿಸಿದ್ದಳು. ಅವಳಿಗೆ ನಾವು ಕನ್ನಡದಲ್ಲಿ ಹೇಳುತ್ತೇವೆ, ಅವಳು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. "ಅಪ್ಪಾ, ವಿಡಿಯೋಲ ನೀಂಗ ಇಲ್ಲ," ಎಂದಳು. ಅದರಲ್ಲಿ ನೀವಿಲ್ಲ ಎಂದು. ಸಮಾಧಾನಕ್ಕೆ ಹೇಳಿದ್ದಳು. ನಾನೂ ನೋಡಿದೆ. ವಿಡಿಯೊ ಶುರುವಾಗುವುದೇ ಹೆಲ್ಮೆಟ್ಟಿನ ಏಟಿನಿಂದ. ಮುಗಿಯುವುದು ನಾನು ಕಾರಿನಿಂದ ಇಳಿಯುವ ಮುಂಚೆ. ಅದರಲ್ಲಿ ಡ್ರೈವರ್ ಎರಡು ಸಲ ಎತ್ತಲೋ ಕೈ ತೋರಿಸುತ್ತಾನೆ, ಎತ್ತ ಎಂದು ಕಾಣುವುದಿಲ್ಲ.

ನಾಲ್ಕನೇ ದಿನ ಆಸ್ಪತ್ರೆಗೆ ಹೋದೆ. ಡ್ರೈವರಿನ ಅಕ್ಕ ಒಳಗೆ ಬಿಟ್ಟಳು, ನಾನು ಲಾರಿ ಮಾಲೀಕರ ಕಡೆಯವನೆಂದು ತಿಳಿದಳು. ತಲೆಗೆ ಬ್ಯಾಂಡೇಜು, ದವಡೆಗೆ ಕಟ್ಟು, ಒಂದು ಕಣ್ಣು ಮುಚ್ಚಿಹೋಗಿತ್ತು. ಇನ್ನೊಂದು ತೆರೆದಿತ್ತು. ನಾನು ಹೇಳಿದೆ, "ತಂಬಿ, ಆ ಕಾರಿನಲ್ಲಿ ಇದ್ದವನು ನಾನು. ಕೈ ತೋರಿಸಿದವನು."

"ಪಾತ್ತೇನ್," ಎಂದ. ನೋಡಿದೆ ಎಂದು. ಹಲ್ಲಿನ ನಡುವಿನಿಂದ ಬಂದ ಮಾತು.

ಸಿಟ್ಟು ಮಾಡುತ್ತಾನೆಂದು ಕಾದೆ. ಅವನಿಗೆ ಬೇಕಾದದ್ದು ಬೇರೆ ಇತ್ತು. ಒಂದೊಂದೇ ಮಾತು ಹೊರಡಿಸಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಓಡಿಹೋಗಲು ನೋಡಿದ ಎಂದು ಪೊಲೀಸರು ಬರೆದಿದ್ದಾರಂತೆ. ಅಕ್ಕನೂ ಕೇಳಿದಳಂತೆ, ಯಾಕೆ ಓಡಿದೆ ಎಂದು. "ನಾನು ಓಡಲಿಲ್ಲ. ನೀವು ನೋಡಿದ್ದೀರಿ. ಎರಡನ್ನೂ ಹೇಳಿ. ಒಂದನ್ನೇ ಹೇಳಿದರೆ ನಂಬುವುದಿಲ್ಲ."

ಅವನು ಹೇಳಿದ್ದು ಸರಿಯಾಗಿತ್ತು. ಕೈಯ ವಿಷಯ ಬಿಟ್ಟರೆ ಹೆಂಗಸಿನ ಮೇಲೆ ಲಾರಿ ಹತ್ತಿಸಿದವನಾಗಿ ಉಳಿಯುತ್ತಾನೆ. ಅಂಥವನು ಓಡಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ನಾನು ಹೇಳುತ್ತೇನೆ ಎಂದೆ. ಅವನು ಒಂಬತ್ತನೇ ದಿನ ತೀರಿಕೊಂಡ. ಅದಕ್ಕೆ ಎರಡು ದಿನ ಮೊದಲು ಸ್ಟೇಷನ್ನಿಗೆ ಹೋಗಿ ಎರಡನ್ನೂ ಬರೆಸಿದ್ದೆ. ಬರೆದುಕೊಂಡವರು ಪೆನ್ನು ನಿಲ್ಲಿಸಿ, "ಸಾಮಿ, ನಿಮ್ಮ ಮಾಸ್ಟರ್ ಕೈ ಬೀಸಿದ್ದು ಗೀಸಿದ್ದು ಏನೂ ಇಲ್ಲ ಅಂತ ಬರೆಸಿದ್ದಾರೆ. ನಿಮ್ಮ ಮೇಲೂ ಕೇಸಾಗುತ್ತೆ. ಯೋಚನೆ ಮಾಡಿ" ಎಂದರು. ಯೋಚನೆ ಮಾಡಿದ್ದೇನೆ, ಬರೆಯಿರಿ ಎಂದೆ. ಕೇಸಾಯಿತು. ಅದಿನ್ನೂ ನಡೆಯುತ್ತಿದೆ.

ಮಾಸ್ಟರ್ ಹೋಟೆಲಿಗೆ ಬಂದರು. ಮೂಲೆಯ ಮೇಜಿನಲ್ಲಿ ಕಾಫಿ ಕುಡಿಯದೆ ಕೂತಿದ್ದರು.

"ಏಳನೇ ದಿನ ನಾನು ನಕ್ಕೆನಲ್ಲ ಸಾಮಿ, ಆವತ್ತು ನಗಬಾರದಿತ್ತು. ನನಗೆ ನಿದ್ದೆ ಬರೋಲ್ಲ. ಆದರೆ ಕೋರ್ಟಿನಲ್ಲಿ ಕೈ ವಿಷಯ ಬಿಟ್ಟು ಉಳಿದದ್ದು ಹೇಳಿ. ಹೊಡೆದವರಿಗೆ ಶಿಕ್ಷೆ ಆಗಲಿ, ನಾನೂ ಬಂದು ಹೇಳ್ತೀನಿ. ಕೈ ಅಂತ ಬಂದರೆ ನನ್ನ ಲೈಸೆನ್ಸು ಹೋಗುತ್ತೆ. ಈ ಕೆಲಸ ಬಿಟ್ಟು ನನಗೆ ಬೇರೆ ಗೊತ್ತಿಲ್ಲ."

"ಇದ್ದದ್ದು ಹೇಳುವುದು ಬಿಟ್ಟು ನನಗೂ ಬೇರೆ ಗೊತ್ತಿಲ್ಲ ಮಾಸ್ಟರ್," ಎಂದೆ. ಅವರು ಎದ್ದುಹೋದರು. ಕಾಫಿ ಹಾಗೇ ಇತ್ತು.

ಆ ಹೆಂಗಸಿನ ಮನೆಗೆ ಎರಡು ತಿಂಗಳಾದ ಮೇಲೆ ಹೋದೆ. ಮೊದಲು ಧೈರ್ಯವಾಗಲಿಲ್ಲ. ಮಂಡಿಯಿಂದ ಕೆಳಗೆ ಬಲಗಾಲು ತೆಗೆದಿದ್ದರು. ಗ್ರೈಂಡರಿನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು ಅಕ್ಕಿ ಹಾಕುತ್ತಿದ್ದಳು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದಳು. ಯಂತ್ರ ನಿಲ್ಲಿಸಲಿಲ್ಲ, ಅದರ ಸದ್ದಿನ ಮೇಲೆ ಕೂಗಿಯೇ ಮಾತಾಡಿದಳು.

"ಬನ್ನಿ, ಬನ್ನಿ. ಕೈ ತೋರಿಸೋ ಮಹಾರಾಜರು. ಇವತ್ತು ಯಾವ ಕಡೆ ಕಳಿಸ್ತೀರಿ ನನ್ನ?"

ನಾನು ಚಪ್ಪಲಿ ಬಾಗಿಲಲ್ಲಿ ಬಿಟ್ಟು ಒಳಗೆ ಹೋದೆ.

"ನೋಡದೇ ಕೈ ತೋರಿಸಿದಿರಾ?"

"ಬಸ್ಸು ಹೋದದ್ದು ನೋಡಿದೆ. ಲಾರಿ ನೋಡಲಿಲ್ಲ."

"ನಿಮ್ಮ ಮುಖ ನೋಡಿ ನಂಬಿದೆ. ಗಂಧ, ಬಿಳಿ ಕೂದಲು. ಹುಡುಗರು ಯಾರಾದರೂ ತೋರಿಸಿದ್ದರೆ ನಾನು ಹೋಗ್ತಾನೇ ಇರಲಿಲ್ಲ." ಅವಳು ಗ್ರೈಂಡರಿನ ಅಂಚಿನ ಹಿಟ್ಟನ್ನು ಬೆರಳಿನಿಂದ ಒಳಗೆ ತಳ್ಳಿದಳು. "ಆ ಹುಡುಗ ನನ್ನನ್ನ ಅಕ್ಕಾ ಅಂತ ಕರೆದ. ಬಿದ್ದಲ್ಲೇ ನೋಡ್ತಾ ಇದ್ದೆ, ಅವನ ಬೆರಳು ಬಾಗಿಲಿಗೆ ಸಿಕ್ಕಿಸಿದ್ದನ್ನ. ನನಗೋಸ್ಕರವಂತೆ ಹೊಡೆದದ್ದು. ನನ್ನ ಕೇಳಿದರಾ ಯಾರಾದರೂ? ನನ್ನ ಕಾಲನ್ನ ಮುಟ್ಟಿದ್ದು ಹೂವಿನ ಪಾಟಿ ಒಬ್ಬಳು."

ಪಾಟಿ ಎಂದರೆ ಅಜ್ಜಿ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಯಂತ್ರ ನಿಲ್ಲಿಸಿದಳು.

"ಕೋರ್ಟಿನಲ್ಲಿ ನಾನು ಕೈ ಅಂತ ಹೇಳೇ ಹೇಳ್ತೀನಿ. ನೀವು?"

"ಹೇಳಿ ಆಗಿದೆ."

"ಮತ್ತೆ ಹೇಳಬೇಕು. ಅವರ ವಕೀಲ ತಿರುಗಿಸಿ ತಿರುಗಿಸಿ ಕೇಳ್ತಾನೆ. ಅಳಬೇಡಿ ಅಲ್ಲಿ. ಅತ್ತರೆ ನಿಮಗೆ ಒಳ್ಳೆ ಮನಸ್ಸು ಅಂತಾರೆ, ನಂಬೋದಿಲ್ಲ."

ರೌಂಡಾನದಲ್ಲಿ ನಡೆದದ್ದು ಅದೇ ಎಂದು ನಾನು ಅವಳಿಗೆ ಹೇಳಿರಲಿಲ್ಲ. ಅವಳಿಗೆ ತಾನಾಗಿಯೇ ತಿಳಿದಿತ್ತು.

ಕೊಲೆಯ ಕೇಸಿನಲ್ಲಿ ಇಬ್ಬರು ಆರೋಪಿಗಳು, ಹೆಲ್ಮೆಟ್ಟಿನವನು ಮತ್ತು ನೀಲಿ ಚೌಕಳಿಯವನು. ನನ್ನನ್ನು ಕರೆದದ್ದು ಮುಂದಿನ ವರ್ಷ. ಸಾಕ್ಷಿಕಟ್ಟೆಯಿಂದ ಹೆಲ್ಮೆಟ್ಟಿನವನು ನನಗೆ ಹತ್ತು ಹೆಜ್ಜೆ ದೂರದಲ್ಲಿದ್ದ. ಅದೇ ಅಗಲ ಭುಜ, ಕೂದಲು ಚಿಕ್ಕದಾಗಿ ಕತ್ತರಿಸಿದ್ದ. ಅವನ ವಕೀಲರು ಅರ್ಧ ದಿನ ಕೇಳಿದರು. ಗಾಜು ಮೇಲಿತ್ತಲ್ಲ, ಮಾತು ಹೇಗೆ ಕೇಳಿಸಿತು? ಕನ್ನಡಕ ಎಷ್ಟು ನಂಬರು? ವಾಹನ ಓಡಿಸಲು ಬಾರದವರು ವೃತ್ತದ ನಿಯಮ ಹೇಗೆ ಹೇಳುತ್ತೀರಿ?

"ಓಡಿಸಲು ಬರುವುದಿಲ್ಲ. ನಿಯಮ ಗೊತ್ತಿದೆ," ಎಂದೆ. "ಒಳಗೆ ಸುತ್ತುತ್ತಿರುವವನಿಗೆ ದಾರಿ. ಲಾರಿ ಒಳಗಿತ್ತು. ನಾನು ಹೊರಗಿದ್ದೆ. ನಾನು ಕಾಯಬೇಕಿತ್ತು, ಕಾಯುತ್ತಿದ್ದೆ. ಕಾಯುತ್ತಲೇ ಇನ್ನೊಬ್ಬರನ್ನು ಕಳಿಸಿದೆ."

"ಅಂದರೆ ನಿಮ್ಮ ತಪ್ಪಿಗೆ ನನ್ನ ಕಕ್ಷಿದಾರ ಸಿಟ್ಟಾದದ್ದು, ಅಲ್ಲವೇ?"

"ನನ್ನ ತಪ್ಪನ್ನು ನಾನು ಅವರಿಗೆ ಹೇಳಿದೆ. ಹೇಳಿದ ಮೇಲೂ ಒದ್ದರು."

ಆಗ ಹೆಲ್ಮೆಟ್ಟಿನವನು ತಲೆ ಎತ್ತಿದ. ಮೊದಲ ಸಲ ನನಗೆ ಅನ್ನಿಸಿತು, ಆ ಬೆಳಿಗ್ಗೆ ನಾನು ಹೇಳಿದ್ದು ನಿಜವಿರಬಹುದೆಂದು ಅವನಿಗೆ ಹೊಳೆದದ್ದು ಈಗಲೇ ಎಂದು. ಅವನ ಕೈಗಳು ಕಟಕಟೆಯ ಕಂಬಿಯ ಮೇಲಿದ್ದವು. ಅವುಗಳನ್ನು ಕೆಳಗೆ ಇಳಿಸಿಕೊಂಡ.

ಡ್ರೈವರ್ ಓಡಿದ್ದನೇ ಎಂದು ಕೇಳಿದರು. ಇಲ್ಲ, ಲಾರಿಯನ್ನು ಒಂದಡಿ ಹಿಂದಕ್ಕೆ ಸರಿಸಿ, ಇಳಿದು, ಆಯಮ್ಮನ ತಲೆಯ ಹತ್ತಿರ ಮಂಡಿಯೂರಿ, ಎರಡು ಸಲ ಅಕ್ಕಾ ಎಂದು ಕರೆದ ಎಂದೆ. ಹಿಂದಿನ ಬೆಂಚಿನಲ್ಲಿ ಅವನ ಅಕ್ಕ ಕೂತಿದ್ದಳು. ನಾನು ಆ ಕಡೆ ನೋಡಲಿಲ್ಲ. ಅಳಬಾರದು ಎಂದಿತ್ತು.

ನಾನು ವಾಹನ ಕಲಿಯುವುದನ್ನು ಬಿಟ್ಟೆ. ಹೋಟೆಲಿನ ಕಂಬದ ಹತ್ತಿರ ಕೈ ಖಾಲಿ ಇದ್ದಾಗ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತೇನೆ. "ಎಂತ ಅಣ್ಣ, ಪೊಲೀಸ್ ಹಿಡಿದ್ರಾ?" ಎಂದು ಸಪ್ಲೈಯರುಗಳು ತಮಾಷೆ ಮಾಡುತ್ತಾರೆ. ಅವರೇ ನೋಡಿಕೊಂಡು ಹೋಗುತ್ತಾರೆ. ಕೆಲಸ ಸ್ವಲ್ಪ ನಿಧಾನ.

ಆ ದಿನ ಕೋರ್ಟಿನಲ್ಲಿ ಕೊನೆಗೆ ಜಡ್ಜರು ತಾವೇ ಒಂದು ಪ್ರಶ್ನೆ ಕೇಳಿದರು: ನಿಮ್ಮ ಕೈಯನ್ನು ಬೇರೆ ಯಾರು ನೋಡಿದರು, ಅವರಲ್ಲಿ ಯಾರು ಬದುಕಿದ್ದಾರೆ? ಟೈಪು ಮಾಡುವವರಿಗೆ ಅನುಕೂಲವಾಗಲೆಂದು ನಿಧಾನವಾಗಿ ಹೇಳಿದೆ. ಅದನ್ನೇ ಇಲ್ಲಿ ಬರೆಯುತ್ತೇನೆ. ಪಕ್ಕದಲ್ಲಿದ್ದ ಮಾಸ್ಟರ್ ನೋಡಿದ್ದಾರೆ; ಬದುಕಿದ್ದಾರೆ, ನೋಡಲಿಲ್ಲ ಎನ್ನುತ್ತಾರೆ, ಅವರ ಬೆರಳು ನನ್ನ ಮಣಿಕಟ್ಟಿಗೆ ತಾಗಿತ್ತು. ಹೂವಿನ ಅಜ್ಜಿ ಎದುರಿನ ಕಟ್ಟೆಯಿಂದ ನೋಡಿದ್ದಾಳೆ. ಈಗಲೂ ಅದೇ ಕಟ್ಟೆಯ ಮೇಲೆ ಕೂರುತ್ತಾಳೆ, ಕರೆದರೆ ಬರುತ್ತಾಳೆ. ಹಿಟ್ಟಿನ ಹೆಂಗಸು ನೋಡಿದ್ದಾಳೆ. ಬದುಕಿದ್ದಾಳೆ, ಇದೇ ಕೋರ್ಟಿನ ವರಾಂಡದಲ್ಲಿ ಊರುಗೋಲು ಗೋಡೆಗೆ ಒರಗಿಸಿ ಕೂತಿದ್ದಾಳೆ, ನನ್ನ ನಂತರ ಅವಳ ಸರದಿ. ಲಾರಿಯ ಡ್ರೈವರ್ ಎಲ್ಲರಿಗಿಂತ ಎತ್ತರದಿಂದ ನೋಡಿದ್ದ. ಅವನಿಲ್ಲ.